ಹಗಲುಗನಸು ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆ?

ಪುಸ್ತಕ ಮುಂದಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತ ಮಗುವನ್ನು ಕಂಡರೆ "ಹಗಲುಗನಸು ಸಾಕು, ಓದು" ಎಂದು ಗದರಿಸುತ್ತೇವೆ. ದೊಡ್ಡವರು ಹಾಗೆ ಕುಳಿತರೆ ತಿರುಕನ ಕನಸೆಂದು ನಗುತ್ತೇವೆ. ಅನೇಕ ವೇಳೆ ಆ ಗದರಿಕೆಯೂ ಸರಿ, ನಗುವೂ ಸರಿ. ಆದರೆ ಆ ಮಗು ಆರು ತಿಂಗಳ ಹಿಂದೆ ತಾಯಿಯನ್ನು ಮಣ್ಣು ಮಾಡಿ ಬಂದಿದ್ದರೆ? ಹಾಗೆ ಕುಳಿತ ಹೆಂಗಸು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳಾಗಿದ್ದರೆ? ಅವರ ಮನಸ್ಸು ಕಟ್ಟಿಕೊಳ್ಳುವ ಕಲ್ಪನೆಯ ಲೋಕವನ್ನು ನಾವು ಏನೆಂದು ತಿಳಿಯಬೇಕು? ಅದು ರೋಗವೇ, ಸೋಮಾರಿತನವೇ, ಅಥವಾ ಗಾಯ ಮಾಯಲೆಂದು ದೇವರೇ ಇಟ್ಟಿರುವ ಮದ್ದೇ?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಕೆಲವು ಚಲನಚಿತ್ರಗಳಿವೆ. ಅವುಗಳಲ್ಲಿ ನಾಲ್ಕನ್ನು ಈ ವಾರದ ಪಾಠಕ್ಕಾಗಿ ಆರಿಸಿಕೊಂಡಿದ್ದೇವೆ. ಅವನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲವೇ? ಅದು ಧರ್ಮಸಭೆಯ ಬಳಿ ಐನೂರು ವರ್ಷಗಳಿಂದ ಇದೆ. ಅದನ್ನು ನಮಗೆ ಕೊಟ್ಟವರು ಸ್ವತಃ ಹಗಲುಗನಸು ಕಾಣುತ್ತಿದ್ದ ಒಬ್ಬ ಗಾಯಾಳು.

ಹಾಸಿಗೆ ಹಿಡಿದ ಯೋಧ

1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಒಂದು ಫಿರಂಗಿ ಗುಂಡು ಇಗ್ನಾಸಿ ಎಂಬ ಯೋಧರ ಬಲಗಾಲನ್ನು ಮುರಿಯಿತು, ಇನ್ನೊಂದು ಕಾಲಿಗೂ ಪೆಟ್ಟಾಯಿತು. ಅವರನ್ನು ಲೊಯೋಲಾದ ಮನೆಗೆ ಹೊತ್ತು ತಂದರು. ಸರಿಯಾಗಿ ಕೂಡಿಕೊಳ್ಳದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದರು. ಹೊರಚಾಚಿದ ಮೂಳೆಯ ತುಂಡನ್ನು ಗರಗಸದಿಂದ ಕೊಯ್ದರು. ಅರಿವಳಿಕೆ ಇಲ್ಲದ ಕಾಲ ಅದು. ಅದಕ್ಕಿಂತ ದೊಡ್ಡ ನೋವೆಂದರೆ, ವೀರನೆಂಬ ಹೆಸರನ್ನೇ ನೆಚ್ಚಿದ್ದ ಮನುಷ್ಯ ಈಗ ಎದ್ದು ನಿಲ್ಲಲಾರದೆ ಬಿದ್ದಿದ್ದರು.

ಹೊತ್ತು ಕಳೆಯಲು ಅವರು ವೀರಪುರುಷರ ಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ದೊರೆತದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ಓದುತ್ತ, ಓದಿನ ನಡುವೆ ಕಣ್ಣು ಮುಚ್ಚಿ, ಅವರು ಗಂಟೆಗಟ್ಟಲೆ ಹಗಲುಗನಸು ಕಾಣುತ್ತಿದ್ದರು. ಒಂದು ಕನಸಿನಲ್ಲಿ ತಾವು ಮೆಚ್ಚಿದ ಒಬ್ಬ ಗಣ್ಯ ಮಹಿಳೆಗಾಗಿ ಸಾಹಸಗಳನ್ನು ಮಾಡುತ್ತಿದ್ದರು. ಇನ್ನೊಂದರಲ್ಲಿ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಎಲ್ಲವನ್ನೂ ತೊರೆದು ಬರಿಗಾಲಿನಲ್ಲಿ ಜೆರುಸಲೇಮಿಗೆ ಹೋಗುತ್ತಿದ್ದರು. ಕಾಣುತ್ತಿರುವಷ್ಟು ಹೊತ್ತು ಎರಡು ಕನಸುಗಳೂ ಸಿಹಿಯಾಗಿಯೇ ಇದ್ದವು. ಮುಗಿದ ಮೇಲೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಮೊದಲನೆಯದು ಮನಸ್ಸನ್ನು ಒಣಗಿಸಿ ಅತೃಪ್ತಿಯಲ್ಲಿ ಬಿಟ್ಟು ಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಒಂದು ದಿನ ಅವರಿಗೆ ಈ ವ್ಯತ್ಯಾಸದ ಅರಿವಾಯಿತು. ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು ಕಲಿಸಿದ ಆತ್ಮ ವಿವೇಚನೆಯ ಬೀಜ ಮೊಳೆತದ್ದು ಆ ರೋಗಿಯ ಹಾಸಿಗೆಯಲ್ಲಿಯೇ. ಗಮನಿಸಿ, ಕನಸು ಕಾಣುವುದನ್ನೇ ಅವರು ಪಾಪವೆಂದು ತಳ್ಳಿಹಾಕಲಿಲ್ಲ. ಕನಸು ಮುಗಿದ ಮೇಲೆ ನನ್ನಲ್ಲಿ ಉಳಿದದ್ದೇನು, ಅದು ನನ್ನನ್ನು ಯಾವ ಕಡೆಗೆ ನಡೆಸುತ್ತಿದೆ ಎಂದು ವಿಚಾರಿಸಿದರು. ಇದೇ ನಮ್ಮ ಅಳತೆಗೋಲು.

ಶಿಬಿರದಲ್ಲಿ ಒಂದು ಆಟ

ಇಟಲಿಯ ನಟ, ನಿರ್ದೇಶಕ ರೊಬೆರ್ತೊ ಬೆನೀನಿ 1997ರಲ್ಲಿ ತಯಾರಿಸಿದ 'ಲೈಫ್ ಈಸ್ ಬ್ಯೂಟಿಫುಲ್' ಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಗುಯಿದೊ ಎಂಬ ಯೆಹೂದ್ಯ ತಂದೆ ತನ್ನ ಪುಟ್ಟ ಮಗ ಜೊಸುಯೆಯೊಂದಿಗೆ ನಾಜಿಗಳ ಶಿಬಿರಕ್ಕೆ ಸಾಗಿಸಲ್ಪಡುತ್ತಾನೆ. ಯೆಹೂದ್ಯಳಲ್ಲದ ತಾಯಿ ದೋರಾ, ಗಂಡ ಮಗನನ್ನು ಬಿಟ್ಟಿರಲಾರದೆ ತಾನಾಗಿಯೇ ಅದೇ ರೈಲು ಹತ್ತುತ್ತಾಳೆ. ಒಳಗೆ ಹೆಂಗಸರನ್ನು ಬೇರೆ ಇರಿಸುತ್ತಾರೆ. ಇದೆಲ್ಲ ಒಂದು ಆಟ ಎಂದು ಗುಯಿದೊ ಮಗನಿಗೆ ಹೇಳುತ್ತಾನೆ. ಸಾವಿರ ಅಂಕ ಗಳಿಸಿದವರಿಗೆ ನಿಜವಾದ ಯುದ್ಧಟ್ಯಾಂಕ್ ಬಹುಮಾನ. ಅತ್ತರೆ, ಅಮ್ಮ ಬೇಕೆಂದರೆ, ಹಸಿವೆಂದರೆ ಅಂಕ ಹೋಗುತ್ತದೆ.

ತಂದೆ ಮಗನಿಗೆ ಸುಳ್ಳು ಹೇಳಿದ್ದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಅಷ್ಟು ಘೋರವಾದ ಇತಿಹಾಸವನ್ನು ನೀತಿಕಥೆಯಂತೆ ಹೇಳಿದ್ದು ಸರಿಯಲ್ಲವೆಂದು ಟೀಕಿಸಿದ ವಿಮರ್ಶಕರೂ ಇದ್ದಾರೆ. ಈ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಆ ಆಟ ಮಾಡಿದ ಕೆಲಸವನ್ನೂ ನೋಡಿ. ಬಚ್ಚಿಟ್ಟುಕೋ, ಸದ್ದು ಮಾಡಬೇಡ ಎಂಬ ಅದರ ನಿಯಮಗಳೇ ಮಗುವಿನ ಜೀವ ಉಳಿಸುತ್ತವೆ. ತಂದೆಯಂತೂ ಒಂದು ಕ್ಷಣವೂ ಭ್ರಮೆಯಲ್ಲಿಲ್ಲ. ಭಾರವಾದ ದುಡಿಮೆಯಿಂದ ಸೋತು ಬಂದರೂ ಆ ಪುಟ್ಟ ಮನಸ್ಸು ಹೊರಲಾರದ ಭಾರವನ್ನು ತಾನೇ ಹೊರುತ್ತಾನೆ. ಕೊನೆಯಲ್ಲಿ ಸೈನಿಕನೊಬ್ಬ ಅವನನ್ನು ಕೊಲ್ಲಲು ಕರೆದೊಯ್ಯುವಾಗ, ಅಡಗಿ ನೋಡುತ್ತಿರುವ ಮಗನಿಗಾಗಿ ಅವನು ತಮಾಷೆಯ ನಡಿಗೆ ನಡೆಯುತ್ತಾನೆ. ಮರುದಿನ ಬೆಳಿಗ್ಗೆ ಅಮೆರಿಕನ್ ಟ್ಯಾಂಕ್ ಬರುತ್ತದೆ, ಮಗ ತಾಯಿಯ ಮಡಿಲು ಸೇರುತ್ತಾನೆ. ದೊಡ್ಡವನಾದ ಮೇಲೆ ಅವನು ಎಲ್ಲವನ್ನೂ ತಿಳಿಯುತ್ತಾನೆ, ಅದು ತಂದೆ ತನಗಾಗಿ ಮಾಡಿದ ತ್ಯಾಗವೆಂದು ನೆನೆಯುತ್ತಾನೆ. ಆ ಕಲ್ಪನೆ ಅವನಲ್ಲಿ ಉಳಿಸಿ ಹೋದದ್ದು ಕೃತಜ್ಞತೆ.

1999ರ ಜನವರಿಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಈ ಚಿತ್ರವನ್ನು ವ್ಯಾಟಿಕನ್‌ನಲ್ಲಿ ಬೆನೀನಿಯವರ ಜೊತೆ ಕುಳಿತು ನೋಡಿದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಅವರ ಯೌವನವೂ ನಾಜಿಗಳ ಹಿಡಿತದಲ್ಲಿದ್ದ ಪೋಲೆಂಡಿನಲ್ಲಿ ಕಳೆದಿತ್ತು. ತಾಯಿಯನ್ನೂ ಅಣ್ಣನನ್ನೂ ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ಅವರು 1941ರಲ್ಲಿ ತಂದೆಯನ್ನೂ ಕಳೆದುಕೊಂಡು ಒಂಟಿಯಾದರು. ಹಗಲು ಕಲ್ಲಿನ ಗಣಿಯಲ್ಲಿ, ಬಳಿಕ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆ ತರುಣ ಅದೇ ವರ್ಷ ಗೆಳೆಯರೊಂದಿಗೆ ಗುಪ್ತ ನಾಟಕ ತಂಡವೊಂದರಲ್ಲಿ ಸೇರಿದರು. ಪರದೆಗಳನ್ನು ಎಳೆದುಕೊಂಡ ಮನೆಗಳಲ್ಲಿ, ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯವೆಂದು ತಿಳಿದೂ, ಅವರು ತಮ್ಮ ನಾಡಿನ ಕಾವ್ಯ ನಾಟಕಗಳನ್ನು ಆಡುತ್ತಿದ್ದರು. ಗುರುವಾಗಬೇಕೆಂಬ ಕರೆ ಅವರಲ್ಲಿ ಹಣ್ಣಾದದ್ದು ಆ ವರ್ಷಗಳಲ್ಲಿಯೇ.

ತೊರೆಯಾಚೆಯ ರಾಜ್ಯ

ಎರಡನೆಯ ಚಿತ್ರ 2007ರಲ್ಲಿ ಬಂದ 'ಬ್ರಿಜ್ ಟು ಟೆರಬಿಥಿಯಾ'. ಕ್ಯಾಥರೀನ್ ಪ್ಯಾಟರ್ಸನ್ ಅವರು 1977ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಇದರ ಮೂಲ. ಆ ಕಾದಂಬರಿ ಹುಟ್ಟಿದ್ದು ನಿಜವಾದ ದುಃಖದಿಂದ. ಲೇಖಕಿಯ ಪುಟ್ಟ ಮಗನ ಆಪ್ತ ಗೆಳತಿ 1974ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಮಗನ ದುಃಖಕ್ಕೆ ಯಾವ ಸಮಾಧಾನವೂ ನಾಟದಿದ್ದಾಗ ತಾಯಿ ಈ ಕಥೆ ಬರೆದರು. ಮುಂದೆ ಅದೇ ಮಗ ದೊಡ್ಡವನಾಗಿ ಈ ಚಿತ್ರದ ಕಥೆ ಬರೆಯುವುದರಲ್ಲಿಯೂ ಅದರ ನಿರ್ಮಾಣದಲ್ಲಿಯೂ ಕೈಜೋಡಿಸಿದ.

ಚಿತ್ರದಲ್ಲಿ ಬಡ ಮನೆಯ ಹುಡುಗ ಜೆಸ್, ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ ಇಬ್ಬರೂ ಶಾಲೆಯಲ್ಲಿ ಒಂಟಿ. ತೊರೆಯ ಮೇಲೆ ತೂಗುವ ಹಗ್ಗ ಹಿಡಿದು ಆಚೆ ದಡಕ್ಕೆ ಹಾರಿ, ಅಲ್ಲಿನ ಕಾಡಿನಲ್ಲಿ ಟೆರಬಿಥಿಯಾ ಎಂಬ ರಾಜ್ಯವನ್ನು ಕಲ್ಪಿಸಿಕೊಳ್ಳುತ್ತಾರೆ. ಅಲ್ಲಿ ಅವರು ರಾಜ, ರಾಣಿ. ಶಾಲೆಯಲ್ಲಿ ಪೀಡಿಸುವ ಮಕ್ಕಳು ಅಲ್ಲಿ ರಾಕ್ಷಸರು. ಆ ರಾಕ್ಷಸರನ್ನು ಎದುರಿಸಿ ಕಲಿತ ಧೈರ್ಯ ನಿಧಾನವಾಗಿ ಶಾಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಒಂದು ದಿನ ಜೆಸ್ ಊರಲ್ಲಿಲ್ಲದಾಗ ಹಗ್ಗ ಹರಿದು ಲೆಸ್ಲಿ ತೊರೆಯಲ್ಲಿ ಮುಳುಗಿ ಸಾಯುತ್ತಾಳೆ.

ತನ್ನಿಂದಲೇ ಹೀಗಾಯಿತೆಂದು ಜೆಸ್ ಕೊರಗುತ್ತಾನೆ, ಸಿಟ್ಟಾಗುತ್ತಾನೆ. ದೇವರನ್ನು ನಂಬದವರು ನರಕಕ್ಕೆ ಹೋಗುತ್ತಾರೆಂದು ಎಲ್ಲೋ ಕೇಳಿದ್ದ ಅವನು, ಲೆಸ್ಲಿಯ ಗತಿಯೇನು ಎಂದು ತಂದೆಯನ್ನು ಕೇಳುತ್ತಾನೆ. ಹೆಚ್ಚು ಮಾತಿನವನಲ್ಲದ ಆ ತಂದೆ ಮಗನನ್ನು ಅಪ್ಪಿಕೊಂಡು, ದೇವರ ಬಗ್ಗೆ ತನಗೆ ಎಲ್ಲವೂ ಗೊತ್ತಿಲ್ಲವಾದರೂ ಅಂಥ ಮಗುವನ್ನು ದೇವರು ನರಕಕ್ಕೆ ತಳ್ಳುವುದಿಲ್ಲ ಎಂಬರ್ಥದ ಮಾತನ್ನು ಹೇಳುತ್ತಾನೆ. ಮಕ್ಕಳ ದುಃಖದ ಮುಂದೆ ದೊಡ್ಡ ದೊಡ್ಡ ವ್ಯಾಖ್ಯಾನಕ್ಕೆ ತೊಡಗುವ ನಮಗೆಲ್ಲ ಇಲ್ಲಿ ಪಾಠವಿದೆ.

ಆ ಬಳಿಕ ಜೆಸ್ ಮಾಡುವ ಕೆಲಸವನ್ನು ಗಮನಿಸಿ. ಕಲ್ಪನೆಯ ರಾಜ್ಯದೊಳಗೆ ಬಾಗಿಲು ಹಾಕಿಕೊಂಡು ಅವನು ಒಬ್ಬನೇ ಕೂರಬಹುದಿತ್ತು. ಅವನು ತೊರೆಗೆ ಅಡ್ಡಲಾಗಿ ಮರದ ಸೇತುವೆ ಕಟ್ಟುತ್ತಾನೆ. ಅದುವರೆಗೆ ತಾನು ಹತ್ತಿರ ಸೇರಿಸದ ತಂಗಿ ಮೇ ಬೆಲ್‌ಳ ಕೈ ಹಿಡಿದು ಆಚೆಗೆ ಕರೆದೊಯ್ಯುತ್ತಾನೆ. ಸತ್ತ ಗೆಳತಿ ಕೊಟ್ಟ ಕಲ್ಪನೆ ಬದುಕಿರುವ ತಂಗಿಗೆ ಪ್ರೀತಿಯಾಗಿ ಸಂದಿತು. ಇಗ್ನಾಸಿಯವರ ಅಳತೆಗೋಲಿಗೆ ಇದು ತೂಗುತ್ತದೆ.

ಸತ್ಯ ಹೇಳಿಸಿದ ಮರ

ಮೂರನೆಯ ಚಿತ್ರ ಹೆಚ್ಚು ಕಠಿಣವಾದದ್ದು. ಸ್ಪೇನಿನ ನಿರ್ದೇಶಕ ಬಯೋನಾ ಅವರ 'ಎ ಮಾನ್‌ಸ್ಟರ್ ಕಾಲ್ಸ್' (2016). ಇಂಗ್ಲೆಂಡಿನ ಬಾಲಕ ಕಾನರ್‌ನ ತಾಯಿ ಗುಣವಾಗದ ಕಾಯಿಲೆಯಿಂದ ನರಳುತ್ತಿದ್ದಾಳೆ. ತಂದೆ ದೂರದ ದೇಶದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಪ್ರತಿ ರಾತ್ರಿ ಹುಡುಗನಿಗೆ ಒಂದೇ ಕೆಟ್ಟ ಕನಸು. ನಡುರಾತ್ರಿ ಕಳೆದು ಏಳು ನಿಮಿಷಕ್ಕೆ, ಸಮಾಧಿಭೂಮಿಯ ಪಕ್ಕದ ಹಳೆಯ ಯೂ ಮರ ದೈತ್ಯನಾಗಿ ಎದ್ದು ಅವನ ಕಿಟಕಿಗೆ ಬರುತ್ತದೆ. ನಾನು ಮೂರು ಕಥೆ ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿನ್ನ ಸತ್ಯವಾಗಿರಬೇಕು ಎಂಬುದು ಅದರ ಕರಾರು.

ತಾಯಿಯನ್ನು ಈ ದೈತ್ಯ ಗುಣಪಡಿಸುತ್ತದೆಂದು ಕಾನರ್ ಆಸೆಪಡುತ್ತಾನೆ. ಅದು ಬಂದದ್ದು ಅದಕ್ಕಲ್ಲ. ಕೊನೆಗೆ ಅವನ ಬಾಯಿಂದ ಆ ಸತ್ಯ ಹೊರಬೀಳುತ್ತದೆ. ದಿನದಿನವೂ ಕಾಯುವ ಈ ನೋವು ಒಮ್ಮೆ ಮುಗಿದರೆ ಸಾಕೆಂದು ಅವನ ಮನಸ್ಸಿನ ಮೂಲೆಯೊಂದು ಬಯಸಿತ್ತು. ಹಾಗೆ ಬಯಸಿದ್ದಕ್ಕಾಗಿ ಶಿಕ್ಷೆಯಾಗಲೇಬೇಕೆಂದು ಅವನು ನಂಬಿದ್ದ. ಮನಸ್ಸು ಒಂದೇ ದಿನದಲ್ಲಿ ನೂರು ಬಾರಿ ತನಗೇ ವಿರುದ್ಧವಾಗಿ ಯೋಚಿಸಬಹುದು, ಏನನ್ನು ಮಾಡುತ್ತೀಯೋ ಅದು ಮುಖ್ಯ ಎಂದು ದೈತ್ಯ ಅವನಿಗೆ ತಿಳಿಸಿಕೊಡುತ್ತದೆ. ಭಾರ ಇಳಿದ ಹುಡುಗ ಆಸ್ಪತ್ರೆಗೆ ಓಡಿ ತಾಯಿಯನ್ನು ಅಪ್ಪಿಕೊಳ್ಳುತ್ತಾನೆ. ನೀನು ಹೋಗುವುದು ನನಗೆ ಬೇಡವೆಂದು ಅವಳಿಗೆ ಹೇಳಲು ಈಗ ಅವನಿಗೆ ಸಾಧ್ಯವಾಗುತ್ತದೆ.

ದೀರ್ಘಕಾಲ ರೋಗಿಯನ್ನು ನೋಡಿಕೊಂಡ ಮನೆಗಳಲ್ಲಿ ಈ ಗುಟ್ಟು ಎಷ್ಟೋ ಜನರ ಎದೆಯಲ್ಲಿದೆ. "ದೇವರೇ, ಅಮ್ಮನನ್ನು ಕರೆದುಕೋ" ಎಂದು ಒಂದು ರಾತ್ರಿ ಅನ್ನಿಸಿದ್ದಕ್ಕೆ ವರ್ಷಗಟ್ಟಲೆ ತಮ್ಮನ್ನೇ ಶಪಿಸಿಕೊಳ್ಳುವ ಮಕ್ಕಳಿದ್ದಾರೆ. ದಣಿದ ಮನಸ್ಸಿನಲ್ಲಿ ಸುಳಿದು ಹೋಗುವ ಯೋಚನೆ ಬೇರೆ, ಮನಸಾರೆ ಒಪ್ಪಿ ಮಾಡುವ ಪಾಪ ಬೇರೆ ಎಂದು ಧರ್ಮಸಭೆ ನಮಗೆ ಕಲಿಸಿದೆ. ಬೈಬಲಿನ ಕೀರ್ತನೆಗಳಲ್ಲಿ ಎಷ್ಟೊಂದು ದೂರು, ಅಳಲು, ಸಿಟ್ಟು ಇವೆ ನೋಡಿ. ಅವನ್ನೆಲ್ಲ ದೇವರ ಮುಂದೆಯೇ ತೋಡಿಕೊಳ್ಳಲಾಗಿದೆ. ಹೇಳಲಾಗದ್ದನ್ನು ಹೇಳಿಸುವ ಕಲ್ಪನೆ ಪ್ರಾರ್ಥನೆಗೆ ಬಹಳ ಹತ್ತಿರದ್ದು.

ಕನಸಿನಲ್ಲಿಯೇ ಉಳಿದವನು

ಹಾಗಾದರೆ ಎಲ್ಲ ಹಗಲುಗನಸೂ ಒಳ್ಳೆಯದೇ? ಅಲ್ಲ. 2013ರ 'ದಿ ಸೀಕ್ರೆಟ್ ಲೈಫ್ ಆಫ್ ವಾಲ್ಟರ್ ಮಿಟ್ಟಿ' ಚಿತ್ರದ ನಾಯಕ ಹದಿನೇಳನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವನು. ಊರೂರು ಸುತ್ತುವ ಆಸೆಯನ್ನು ಕಟ್ಟಿಟ್ಟು ತಾಯಿ, ತಂಗಿಯರಿಗಾಗಿ ದುಡಿಮೆಗೆ ಇಳಿದ. ಆ ಜವಾಬ್ದಾರಿ ಮೆಚ್ಚತಕ್ಕದ್ದೇ. ಆದರೆ ಒಳಗಿನ ನಷ್ಟವನ್ನು ಅವನು ಎಂದೂ ಎದುರಿಸಲಿಲ್ಲ. ದೊಡ್ಡವನಾದ ಮೇಲೂ ಮಾತಿನ ಮಧ್ಯೆ ನಿಂತಲ್ಲೇ ನಿಂತು ಸಾಹಸದ ಕನಸಿನಲ್ಲಿ ಮುಳುಗುತ್ತಾನೆ. ಕನಸಿನಲ್ಲಿ ವೀರ, ಎಚ್ಚರವಾದಾಗ ಸಹೋದ್ಯೋಗಿಗಳ ನಗೆಪಾಟಲು. ಇಗ್ನಾಸಿಯವರ ಮೊದಲನೆಯ ಬಗೆಯ ಕನಸು ಇದು. ಕೆಲಸದ ನಿಮಿತ್ತ ಕಳೆದುಹೋದ ಒಂದು ಚಿತ್ರವನ್ನು ಹುಡುಕುತ್ತ ಅವನು ನಿಜವಾಗಿಯೇ ಗ್ರೀನ್‌ಲ್ಯಾಂಡಿಗೆ, ಐಸ್‌ಲ್ಯಾಂಡಿಗೆ ಹೊರಟ ಮೇಲೆ ಆ ಕನಸುಗಳು ತಾವಾಗಿ ಕಡಿಮೆಯಾಗುತ್ತವೆ.

ಇದು ಬರಿಯ ಸಿನಿಮಾದ ಮಾತಲ್ಲ. ಇಸ್ರೇಲಿನ ಹೈಫಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಏಲಿ ಸೋಮರ್ 2002ರಲ್ಲಿ ಇಂಥ ಅತಿಯಾದ ಹಗಲುಗನಸನ್ನು ವಿವರಿಸಿದರು. ಅವರು ಕಂಡವರಲ್ಲಿ ಹಿಂದೆ ಆಘಾತ ಅನುಭವಿಸಿದವರಿದ್ದರು. ದಿನದ ಬಹುಭಾಗವನ್ನು ಕಲ್ಪನೆಯ ಕಥೆಗಳಲ್ಲಿ ಕಳೆಯುತ್ತ, ಓದು, ದುಡಿಮೆ, ಸಂಬಂಧಗಳಿಂದ ಅವರು ದೂರವಾಗುತ್ತಿದ್ದರು. ನೋವನ್ನು ತಡೆಯಲು ಆರಂಭವಾದ ಕಲ್ಪನೆ ಕೊನೆಗೆ ಬದುಕನ್ನೇ ತಡೆದು ನಿಲ್ಲಿಸಿತ್ತು.

ಇದಕ್ಕೆ ಎದುರಾಗಿ ವಿಯೆನ್ನಾದ ಯೆಹೂದ್ಯ ವೈದ್ಯ ವಿಕ್ಟರ್ ಫ್ರಾಂಕ್ಲ್ ಅವರನ್ನು ನೆನೆಯಬಹುದು. ನಾಜಿ ಶಿಬಿರದ ಕೈದಿಯಾಗಿ ಚಳಿಯಲ್ಲಿ ಕೆಲಸಕ್ಕೆ ನಡೆಯುವಾಗ ಅವರು ಮನಸ್ಸಿನಲ್ಲಿಯೇ ಹೆಂಡತಿಯೊಂದಿಗೆ ಮಾತಾಡುತ್ತಿದ್ದರು. ಇನ್ನೊಮ್ಮೆ, ಬೆಚ್ಚಗಿನ ಸಭಾಂಗಣದಲ್ಲಿ ನಿಂತು ಶಿಬಿರದ ಅನುಭವದ ಬಗ್ಗೆ ಉಪನ್ಯಾಸ ಮಾಡುತ್ತಿರುವಂತೆ ಕಲ್ಪಿಸಿಕೊಂಡರು. ಅವರ ಹೆಂಡತಿ ಶಿಬಿರದಿಂದ ಮರಳಲಿಲ್ಲ. ಅವರು ಬದುಕಿ ಬಂದು ಸಾವಿರಾರು ಜನರ ಮನಸ್ಸಿಗೆ ಆಸರೆಯಾದರು. ಅವರ ಹಗಲುಗನಸು ಅವರನ್ನು ಪ್ರೀತಿಯ ಕಡೆಗೂ ಕರ್ತವ್ಯದ ಕಡೆಗೂ ತಿರುಗಿಸಿತ್ತು.

ನಮ್ಮ ಮನೆಗಳಿಗೆ ಪಾಠ

ಮೊದಲನೆಯದು, ದುಃಖದಲ್ಲಿರುವ ಮಗುವಿನ ಆಟವನ್ನು ಅಥವಾ ಕಥೆಯನ್ನು ಗದರಿಸಿ ನಿಲ್ಲಿಸಬೇಡಿ. ಸತ್ತ ಅಜ್ಜನೊಂದಿಗೆ ಫೋನಿನಲ್ಲಿ ಮಾತಾಡುವಂತೆ ನಟಿಸುವ ಮಗುವಿಗೆ "ಹುಚ್ಚು ಹಿಡಿದಿದೆಯಾ?" ಎನ್ನಬೇಡಿ. ಪಕ್ಕದಲ್ಲಿ ಕುಳಿತು "ಅಜ್ಜ ಏನಂದರು?" ಎಂದು ಕೇಳಿ. ಮಗು ತನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತದೆ.

ಎರಡನೆಯದು, ಕಲ್ಪನೆಯ ನೆಪದಲ್ಲಿ ಸತ್ಯವನ್ನು ಕೊನೆಯವರೆಗೂ ಮುಚ್ಚಿಡಬೇಡಿ. "ಅಪ್ಪ ದುಬೈಗೆ ಹೋಗಿದ್ದಾರೆ" ಎಂದು ಸತ್ತ ತಂದೆಯ ಬಗ್ಗೆ ಹೇಳಿದರೆ ಮಗು ಮುಂದೆ ಯಾರ ಮಾತನ್ನು ನಂಬೀತು? ವಯಸ್ಸಿಗೆ ತಕ್ಕ ಮಾತಿನಲ್ಲಿ ಮರಣವನ್ನೂ ಪುನರುತ್ಥಾನದ ನಿರೀಕ್ಷೆಯನ್ನೂ ತಿಳಿಸಿ. ಗುಯಿದೊ ಎದುರಿಸಿದ್ದು ಕೊಲ್ಲುವವರ ಕಾವಲಿನ ಗಳಿಗೆಯನ್ನು. ನಮ್ಮ ಮನೆಗಳಲ್ಲಿ ಅಂಥ ಕಾವಲಿಲ್ಲ.

ಮೂರನೆಯದು, ಕನಸಿನ ಫಲವನ್ನು ನೋಡಿ. ಕನಸು ಕಂಡ ಮಗು ಮತ್ತೆ ಊಟಕ್ಕೆ, ಆಟಕ್ಕೆ, ಗೆಳೆಯರ ಬಳಿಗೆ ಬರುತ್ತಿದ್ದರೆ ಚಿಂತೆ ಬೇಡ. ವಾರಗಟ್ಟಲೆ ನಿದ್ರೆ, ಊಟ, ಶಾಲೆ, ಮಾತು ಎಲ್ಲವನ್ನೂ ಬಿಡುತ್ತಿದ್ದರೆ, ಸಾವಿನ ಮಾತಾಡುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ನಾಲ್ಕನೆಯದು, ಕಲ್ಪನೆಯನ್ನು ಪ್ರಾರ್ಥನೆಯಲ್ಲಿ ಬಳಸಿ. ಸಂತ ಇಗ್ನಾಸಿಯವರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೃತಿಯಲ್ಲಿ, ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿ ಎಷ್ಟು ಉದ್ದ, ಎಷ್ಟು ಅಗಲ, ಯೇಸು ಹುಟ್ಟಿದ ಗವಿ ಎಂಥದ್ದು ಎಂದು ಮನಸ್ಸಿನ ಕಣ್ಣಿನಿಂದ ನೋಡಲು ಹೇಳಿಕೊಡುತ್ತಾರೆ. ಹಾಸಿಗೆಯಲ್ಲಿ ಕಂಡ ಹಗಲುಗನಸು ಹೀಗೆ ಪ್ರಾರ್ಥನೆಯಾಗಿ ಬೆಳೆಯಿತು. ದುಃಖದಲ್ಲಿರುವವರು ಲಾಜರನ ಸಮಾಧಿಯ ಬಳಿ ನಿಲ್ಲಲಿ. ಅಳುತ್ತಿರುವ ಮರಿಯಳ ಪಕ್ಕದಲ್ಲಿ ನಿಂತು, ಕಣ್ಣೀರಿಡುವ ಪ್ರಭುವನ್ನು ನೋಡಲಿ, ತಮ್ಮವರ ಹೆಸರನ್ನು ಅವರಿಗೆ ಹೇಳಲಿ.

ಈ ಚಿತ್ರಗಳನ್ನು ಮಕ್ಕಳಿಗೆ ತೋರಿಸುವ ಮುನ್ನ ತಂದೆತಾಯಂದಿರು ತಾವು ನೋಡಬೇಕು. 'ಎ ಮಾನ್‌ಸ್ಟರ್ ಕಾಲ್ಸ್' ತೀರ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ನೋಡಿದ ಮೇಲೆ ಟಿ.ವಿ. ಆರಿಸಿ, ಹತ್ತು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿ.

ಕುಟುಂಬದಲ್ಲಿ ಚರ್ಚಿಸಲು

1. ನಾನು ಹೆಚ್ಚಾಗಿ ಕಾಣುವ ಹಗಲುಗನಸು ಯಾವುದು? ಅದು ಮುಗಿದ ಮೇಲೆ ನನ್ನ ಮನಸ್ಸು ಹೇಗಿರುತ್ತದೆ?

2. ಜೆಸ್ ತನ್ನ ತಂಗಿಗಾಗಿ ಸೇತುವೆ ಕಟ್ಟಿದ. ನಮ್ಮ ದುಃಖದಲ್ಲಿ ನಾವು ದೂರವಿಟ್ಟಿರುವವರು ಯಾರಾದರೂ ಮನೆಯಲ್ಲಿದ್ದಾರೆಯೇ?

3. ಕಾನರ್‌ನಂತೆ ಯಾರಿಗೂ ಹೇಳಲಾಗದ ಮಾತೊಂದು ನನ್ನಲ್ಲಿದೆಯೇ? ಅದನ್ನು ಯಾರ ಬಳಿ ಹೇಳಬಹುದು?

ಪ್ರಾರ್ಥನೆ: ಪ್ರಭುವೇ, ಗಾಯಗೊಂಡ ಯೋಧನ ಕನಸುಗಳ ನಡುವೆ ನೀವು ಮಾತಾಡಿದಿರಿ. ನಮ್ಮ ಮನೆಯ ಗಾಯಗಳೂ ನಿಮಗೆ ಗೊತ್ತು. ನಮ್ಮ ಕನಸುಗಳನ್ನು ಶುದ್ಧಗೊಳಿಸಿ, ಅವು ನಮ್ಮನ್ನು ನಿಮ್ಮ ಬಳಿಗೂ ಒಬ್ಬರನ್ನೊಬ್ಬರ ಬಳಿಗೂ ಕರೆದೊಯ್ಯುವಂತೆ ಮಾಡಿ. ಆಮೆನ್.